ಆರನೆಯ ಬಿಲ್ಲೆಯ ಸಾಕ್ಷಿ

ಸೋಮವಾರ ಬೆಳಿಗ್ಗೆ ಗೇಟಿನ ಕಾವಲುಗಾರ ನಮಸ್ಕಾರ ಹೇಳಿದಾಗ ಪದರಮ್ಮನ ಬಾಯಿಂದ ಮೊದಲು ಬರುತ್ತಿದ್ದುದು ಬರೀ ಗಾಳಿ. ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡ ಮೇಲೆ ಮಾತು ಹೊರಡುತ್ತಿತ್ತು. ಕಾವಲುಗಾರ ಅದನ್ನು ನೆಗಡಿ ಎಂದುಕೊಂಡಿದ್ದ. ವರ್ಷದ ಐವತ್ತೆರಡು ವಾರವೂ ಸೋಮವಾರಕ್ಕೆ ಮಾತ್ರ ಬರುವ ನೆಗಡಿ ಎಂಥದ್ದಪ್ಪಾ ಎಂದು ಅವನು ಯೋಚಿಸಿರಲಿಲ್ಲ. ಶುಕ್ರವಾರ ಸಂಜೆ ಇದೇ ಗೇಟಿನಲ್ಲಿ ಹೇಳಿದ ‘ಬರ್ತೀನಿ’ ಆದ ಮೇಲೆ ಆ ಗಂಟಲಿಗೆ ಎರಡು ದಿನ ಕೆಲಸವೇ ಇರುತ್ತಿರಲಿಲ್ಲ ಎನ್ನುವುದು ಅವಳೊಬ್ಬಳಿಗೇ ಗೊತ್ತಿದ್ದ ಸಂಗತಿ.

ಪದರಮ್ಮ ಎನ್ನುವುದು ಸಂಶೋಧನಾಲಯದವರು ಇಟ್ಟ ಹೆಸರು. ಮೂವತ್ತು ವರ್ಷದಿಂದ ಅವಳು ಮಾಡಿಕೊಂಡು ಬಂದದ್ದು ಪದರ ಹಾಕುವ ಕೆಲಸ. ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ, ದಪ್ಪ ಗಾಜಿನ ಗಂಟೆಯಂಥ ಪಾತ್ರೆಯೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ಹಾಕಿ, ಒಂದು ಪುಟ್ಟ ಮೂಸೆಯಲ್ಲಿ ನೇರಳೆ ಬಣ್ಣದ ಸಾವಯವ ಪುಡಿಯನ್ನಿಟ್ಟು ನಿಧಾನಕ್ಕೆ ಬಿಸಿ ಮಾಡುತ್ತಿದ್ದಳು. ಪುಡಿ ಆವಿಯಾಗಿ ಮೇಲೆದ್ದು, ತಲೆಕೆಳಗಾಗಿ ನೇತುಹಾಕಿದ ಉಗುರಗಲದ ಬಿಲ್ಲೆಗಳ ಮೇಲೆ ಕೂರುತ್ತಿತ್ತು. ಎಂಟು ನ್ಯಾನೋಮೀಟರ್ ದಪ್ಪ. ಒಂದು ಕೂದಲೆಳೆಯನ್ನು ಹತ್ತು ಸಾವಿರ ಸಲ ಸೀಳಿದರೆ ಸಿಗುವಷ್ಟು. ಇಷ್ಟು ತೆಳ್ಳಗಿನದ್ದಕ್ಕಾಗಿ ಇಷ್ಟು ದಪ್ಪ ಸಂಬಳವಾ ಎಂದು ಹಣಕಾಸಿನವರು ತಮಾಷೆ ಮಾಡುತ್ತಿದ್ದರು. ಸಂಬಳವೂ ಹೆಚ್ಚುಕಡಿಮೆ ಅಷ್ಟೇ ತೆಳ್ಳಗಿತ್ತು ಎನ್ನುವುದು ಬೇರೆ ಮಾತು.

ಅವಳ ಕೋಣೆಯ ನೆತ್ತಿಯ ಮೇಲೆ, ಸರಿಯಾಗಿ ಎರಡು ಮಹಡಿ ಮೇಲೆ, ಅವಳ ಅಣ್ಣ ಕೂರುತ್ತಿದ್ದ. ಒಡಹುಟ್ಟಿದ ಅಣ್ಣ, ಅವಳಿಗಿಂತ ನಾಲ್ಕು ವರ್ಷ ದೊಡ್ಡವನು. ಅತಿಭಾರದ ಧಾತುಗಳ ರಸಾಯನ ಅವನ ವಿಷಯ. ಪ್ರಕೃತಿಯಲ್ಲಿ ಎಲ್ಲೂ ಸಿಗದ, ಕಣಗಳನ್ನು ಭಯಂಕರ ವೇಗದಲ್ಲಿ ಓಡಿಸಿ ಒಂದಕ್ಕೊಂದು ಗುದ್ದಿಸಿದರೆ ಯಾವಾಗಲೋ ಒಂದು ಹುಟ್ಟಿ, ಒಂದೆರಡು ಸೆಕೆಂಡು ಬದುಕಿ ಒಡೆದುಹೋಗುವ ಪರಮಾಣುಗಳು. ಆ ಒಂದೆರಡು ಸೆಕೆಂಡಿನಲ್ಲಿ ಅವುಗಳ ಸ್ವಭಾವ ತಿಳಿದುಕೊಳ್ಳುವುದೇ ಅವನ ಜೀವಮಾನದ ಹಟ. ಆ ಗುಂಪಿನ ಮುಖ್ಯಸ್ಥನಾದ್ದರಿಂದ ಅವನನ್ನು ಎಲ್ಲರೂ ಭಾರದಣ್ಣ ಎನ್ನುತ್ತಿದ್ದರು. ಮನುಷ್ಯ ನೋಡಿದರೆ ಗಾಳಿ ಬಂದರೆ ಹಾರಿಹೋಗುವಷ್ಟು ಸಣಕಲು.

ಇವರಿಬ್ಬರೂ ಅಣ್ಣತಂಗಿ ಎನ್ನುವುದು ಹಳಬರಿಗೆ ಮರೆತುಹೋಗಿತ್ತು, ಹೊಸಬರಿಗೆ ಗೊತ್ತೇ ಇರಲಿಲ್ಲ. ಹನ್ನೊಂದು ವರ್ಷದಿಂದ ಅವರ ನಡುವೆ ಓಡಾಡುತ್ತಿದ್ದುದು ನಮೂನೆಗಳು ಮಾತ್ರ. ಇಂಥ ದಿನಕ್ಕೆ ಇಷ್ಟು ಬಿಲ್ಲೆ ಬೇಕು ಎಂದು ಮೇಲಿನಿಂದ ಒಂದು ಹಾಳೆ ಬರುತ್ತಿತ್ತು. ಬಿಲ್ಲೆ ಸಿದ್ಧ ಎಂದು ಕೆಳಗಿನಿಂದ ಒಂದು ಹಾಳೆ ಹೋಗುತ್ತಿತ್ತು. ಅವನ ಹಾಳೆಯಲ್ಲಿ ಅವಳು ‘ಪದರ ವಿಭಾಗ’. ಲಿಫ್ಟಿನಲ್ಲಿ ಎದುರಾದರೆ ಇಬ್ಬರೂ ಮಹಡಿಯ ಅಂಕಿಗಳನ್ನು ನೋಡುತ್ತಾ ನಿಲ್ಲುತ್ತಿದ್ದರು, ಇಷ್ಟು ಸ್ವಾರಸ್ಯವಾದ ಓದು ಜಗತ್ತಿನಲ್ಲೇ ಇಲ್ಲ ಎನ್ನುವ ಹಾಗೆ.

ಜಗಳ ಆಸ್ತಿಗಲ್ಲ. ಅಮ್ಮನಿಗೆ ಕಾಯಿಲೆ ಬಂದಾಗ, ಇನ್ನು ಉಳಿಯುವುದಿಲ್ಲವೆಂದು ವೈದ್ಯರು ಹೇಳಿದ್ದನ್ನು ಅಮ್ಮನಿಗೆ ತಿಳಿಸುವುದು ಬೇಡವೆಂದು ಅಣ್ಣ ತೀರ್ಮಾನಿಸಿದ್ದ. ಮುಂದಿನ ತಿಂಗಳು ಮನೆಗೆ ಹೋಗೋಣ, ಹೊಸ ಪರದೆ ಹಾಕಿಸೋಣ ಎಂದೆಲ್ಲ ಆಸ್ಪತ್ರೆಯ ಮಂಚದ ಪಕ್ಕ ಕೂತು ದಿನಾ ಹೇಳುತ್ತಿದ್ದ. ಒಂದು ಮಧ್ಯಾಹ್ನ ಅವನಿಲ್ಲದಾಗ ಅಮ್ಮ ಮಗಳ ಮಣಿಕಟ್ಟು ಹಿಡಿದು ನೇರವಾಗಿ ಕೇಳಿದಳು. ಮಗಳು ನೇರವಾಗಿ ಹೇಳಿಬಿಟ್ಟಳು. ಅದಾದ ಹನ್ನೆರಡನೆಯ ದಿನ ಅಮ್ಮ ಹೋದಳು. ಆ ಹನ್ನೆರಡು ದಿನ ಅನ್ನ ನೀರು ಮುಟ್ಟಿದ್ದು ಅಷ್ಟಕ್ಕಷ್ಟೆ. ನಿನ್ನ ಬಾಯಿಗೊಂದು ಪದರ ಹಾಕಿಕೊಳ್ಳಲು ಆಗಲಿಲ್ಲವಾ ಎಂದು ಅಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೇಳಿದ್ದ. ಸುಳ್ಳು ಹೇಳಲು ಬಾರದವರಿಗೆ ಅದು ಗುಣವೋ ಅಂಗವಿಕಲತೆಯೋ ಎಂದು ಅವಳು ಆಮೇಲೆ ಬಹಳ ದಿನ ಯೋಚಿಸಿದಳು. ತೀರ್ಮಾನಕ್ಕೆ ಬರಲಾಗಲಿಲ್ಲ.

ಈಗ ಅಣ್ಣನ ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿತ್ತು. ಅವನ ಕೊನೆಯ ಪ್ರಯೋಗಕ್ಕೆ ಏಳು ವಾರದ ಬೀಮ್, ಅಂದರೆ ಕಣ ಓಡಿಸುವ ಯಂತ್ರದ ಸರದಿ, ಮಂಜೂರಾಗಿತ್ತು. ಆ ಧಾತು ಯಾವುದಕ್ಕೂ ಅಂಟಿಕೊಳ್ಳದ ಜಡಸ್ವಭಾವದ್ದು ಎಂದು ಉಳಿದವರೆಲ್ಲ ಹೇಳುತ್ತಿದ್ದರೆ, ಸಾವಯವ ಪದರ ಸಿಕ್ಕಿದರೆ ಅದು ಬಿಡದೆ ಹಿಡಿದುಕೊಳ್ಳುತ್ತದೆ ಎಂದು ಇವನು ಇಪ್ಪತ್ತು ವರ್ಷದಿಂದ ವಾದಿಸುತ್ತಿದ್ದ. ಪರೀಕ್ಷೆಯ ವಿಧಾನ ಕೇಳಿದರೆ ಸುಲಭ. ಮೂವತ್ತೆರಡು ಡಿಟೆಕ್ಟರ್ ಬಿಲ್ಲೆಗಳನ್ನು ಒಂದು ಸಾಲಾಗಿ ಜೋಡಿಸಬೇಕು. ಮೊದಲನೆಯದು ಕೋಣೆಯಷ್ಟೇ ಬೆಚ್ಚಗೆ, ಮುಂದೆ ಮುಂದೆ ತಣ್ಣಗೆ, ಕೊನೆಯದು ಕೊರೆಯುವ ಚಳಿಯಲ್ಲಿ. ಪ್ರತಿ ಬಿಲ್ಲೆಯ ಮೈ ಚಿನ್ನ, ಚಿನ್ನದ ಮೇಲೆ ಪದರಮ್ಮನ ಪದರ. ಹುಟ್ಟಿದ ಪರಮಾಣುವನ್ನು ಅನಿಲದಲ್ಲಿ ತೇಲಿಸಿ ಈ ಸಾಲಿನ ಮೇಲೆ ಹಾಯಿಸಬೇಕು. ಪದರದ ಮೇಲೆ ಅದಕ್ಕೆ ಒಲವಿದ್ದರೆ ಬೆಚ್ಚಗಿನ ಕಡೆಯೇ ಕೂರುತ್ತದೆ; ಇಲ್ಲದಿದ್ದರೆ ಚಳಿ ತಡೆಯಲಾರದೆ ಕೊನೆಯಲ್ಲೆಲ್ಲೋ ಕೂರುತ್ತದೆ. ಕೂತ ಜಾಗದಲ್ಲೇ ಒಡೆದು ಸದ್ದು ಮಾಡುತ್ತದೆ. ಆ ಸದ್ದಿಗಾಗಿ ವಾರಗಟ್ಟಲೆ ಕಾಯಬೇಕು. ಏಳು ವಾರಕ್ಕೆ ಒಂದೋ ಎರಡೋ ಪರಮಾಣು ಬಂದರೆ ಪುಣ್ಯ.

ಒಂದೇ ತೊಡಕು. ಚಿನ್ನಕ್ಕೂ ಆ ಧಾತು ಅಂಟಿಕೊಳ್ಳುತ್ತದೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಹಾಗಾಗಿ ಪದರದಲ್ಲಿ ಒಂದು ತೂತೂ ಇರಕೂಡದು. ತೂತಿಲ್ಲದ ಪದರ ಹಾಕುವುದರಲ್ಲಿ ಪದರಮ್ಮನನ್ನು ಮೀರಿಸುವವರಿರಲಿಲ್ಲ. ಪುಡಿಯನ್ನು ಎರಡು ಸಲ ಶುದ್ಧ ಮಾಡಬೇಕು ಎನ್ನುವುದು ಅವಳ ನಿಯಮ. ಒಂದೊಂದು ಸಲಕ್ಕೆ ಎರಡು ದಿನ ಹಿಡಿಯುತ್ತದೆ. ಒಂದೇ ಸಲ ಮಾಡಿದ ಪುಡಿಯಿಂದಲೂ ಪದರ ಚೆನ್ನಾಗಿಯೇ ಬರುತ್ತದೆ, ಹೊಳೆಯುತ್ತದೆ, ಅಳತೆಯಲ್ಲೂ ಪಾಸಾಗುತ್ತದೆ. ಆದರೆ ಒಳಗೆ ಉಳಿದ ಕಲ್ಮಶ ಬೆಚ್ಚಗಿನ ಜಾಗದಲ್ಲಿ ವಾರಗಳು ಕಳೆದ ಮೇಲೆ ತನ್ನ ಬುದ್ಧಿ ತೋರಿಸುತ್ತದೆ.

ಪ್ರಯೋಗ ಶುರುವಾಗುವುದಕ್ಕೆ ಹತ್ತು ದಿನವಿರುವಾಗ ಮೇಲಿನಿಂದ ಒಂದು ನಮೂನೆ ಬಂತು. ಬೀಮ್ ನಾಲ್ಕು ದಿನ ಮುಂಚೆ ಸಿಗುತ್ತಿದೆ, ಬಿಲ್ಲೆಗಳೂ ಮುಂಚೆಯೇ ಬೇಕು ಎಂದು ಅದರಲ್ಲಿತ್ತು. ಕೆಳಗೆ ಅಣ್ಣನ ಕೈಬರಹದಲ್ಲಿ ಒಂದು ಮಾತು: ‘ಆದರೆ.’ ಆಗುವುದಾದರೆ ಎಂಬರ್ಥದಲ್ಲಿ. ಹನ್ನೊಂದು ವರ್ಷದಲ್ಲಿ ನಮೂನೆಯ ಕಲಂಗಳ ಹೊರಗೆ ಅವನು ಬರೆದ ಮೊದಲ ಪದ ಅದು. ಅವಳು ಅದನ್ನು ಎಷ್ಟು ಸಲ ಓದಿದಳೋ. ಯಾರನ್ನೋ ಕೇಳಿಕೊಳ್ಳುವ ಧ್ವನಿ ಅದರಲ್ಲಿದೆ ಎನಿಸಿತು. ಇಪ್ಪತ್ತೆಂಟು ಬಿಲ್ಲೆಗಳಿಗೆ ಎರಡು ಸಲ ಶುದ್ಧವಾದ ಪುಡಿ ಸಾಲುತ್ತಿತ್ತು. ಐದರಿಂದ ಎಂಟರವರೆಗಿನ ನಾಲ್ಕಕ್ಕೆ ಸಾಲಲಿಲ್ಲ. ಆ ನಾಲ್ಕಕ್ಕೆ ಒಂದೇ ಸಲ ಶುದ್ಧ ಮಾಡಿದ್ದನ್ನು ಬಳಸಿದಳು. ಅಳತೆ ಸರಿಯಾಗಿಯೇ ಬಂತು. ಹೇಳಿದ ದಿನ, ಹೇಳಿದ ಗಂಟೆಗೆ ಬಿಲ್ಲೆಗಳು ಮೇಲೆ ಹೋದವು. ಅಣ್ಣ ಕೇಳಿದ್ದನ್ನು ಇಲ್ಲವೆನ್ನದೆ ಕೊಟ್ಟೆ ಎನ್ನುವ ಸಮಾಧಾನದಲ್ಲಿ ಆ ವಾರಾಂತ್ಯ ಅವಳು ತನ್ನ ಒಂದೂವರೆ ಕೋಣೆಯ ಮನೆಯ ಕಿಟಕಿಗಳನ್ನೆಲ್ಲ ಒರೆಸಿದಳು.

ಐದನೆಯ ವಾರದ ಮಂಗಳವಾರ ಮಧ್ಯಾಹ್ನ ಪರಮಾಣು ಬಂತು. ಡಿಟೆಕ್ಟರುಗಳ ಲೆಕ್ಕ ನೋಡುವ ಎಣಿಕೆಗಾರ್ತಿ, ಉದ್ವೇಗವೆಂದರೆ ಏನೆಂದು ತಿಳಿಯದ ಮೂವತ್ತೈದರ ಹೆಂಗಸು, ಮೆಟ್ಟಿಲು ಹಾರಿ ಹಾರಿ ಇಳಿದು ಬಂದು ಆರನೆಯ ಬಿಲ್ಲೆ ಎಂದಷ್ಟೇ ಹೇಳಿ ಮತ್ತೆ ಹತ್ತಿ ಓಡಿದಳು. ಆರನೆಯದೆಂದರೆ ಬೆಚ್ಚಗಿನ ಕಡೆ. ಅಣ್ಣ ಹೇಳಿದ ಕಡೆ.

ಅರ್ಧ ಗಂಟೆಯ ನಂತರ ಬಾಗಿಲಲ್ಲಿ ಅಣ್ಣ ನಿಂತಿದ್ದ. ಪದರಮ್ಮ ಪಂಪಿಗೆ ಎಣ್ಣೆ ಹಾಕುತ್ತಿದ್ದವಳು ಡಬ್ಬ ಕೈಯಲ್ಲೇ ಹಿಡಿದು ಎದ್ದಳು. ಅವನು ಒಳಗೆ ಬಂದು, ಇದ್ದ ಒಂದೇ ಸ್ಟೂಲಿನ ಮೇಲೆ ಕೂತು, ಕೋಣೆಯ ನಾಲ್ಕೂ ಗೋಡೆ ನೋಡಿದ.

“ಊಟ ಆಯ್ತಾ?” ಅಂದ.

“ಆಯ್ತು. ನಿಂದು?”

“ಇನ್ನೂ ಇಲ್ಲ.”

ಅವಳ ಡಬ್ಬಿಯಲ್ಲಿ ಮುಕ್ಕಾಲು ಪಾಲು ಉಳಿದಿತ್ತು. ಅವನು ಅದನ್ನು ಸ್ಟೂಲಿನ ಮೇಲೆಯೇ ಕೂತು ತಿಂದ. ಉಪ್ಪು ಕಡಿಮೆ ಎಂದು ಆಡಿಕೊಂಡ. ಒಬ್ಬಳಿಗೆ ಮಾಡುವ ಅಡುಗೆಗೆ ಉಪ್ಪು ಎಷ್ಟಾದರೇನು ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು. ಆ ದಿನದಿಂದ ಅವನು ದಿನಾ ಮಧ್ಯಾಹ್ನ ಕೆಳಗೆ ಬರತೊಡಗಿದ. ಹದಿನೈದು ಇಪ್ಪತ್ತು ನಿಮಿಷ. ಮೊಣಕಾಲು ನೋವಿನ ವಿಚಾರ, ದೂರದ ಊರಿನಲ್ಲಿರುವ ಮಗಳ ವಿಚಾರ, ನಿವೃತ್ತಿಯ ಮೇಲೆ ಅವಳ ಮನೆಗೇ ಹೋಗಿ ಇರಬೇಕೆಂದುಕೊಂಡ ವಿಚಾರ. ಪರಮಾಣುವಿನ ವಿಚಾರವಂತೂ ಇದ್ದೇ ಇತ್ತು. ಒಂದೇ ಒಂದು ಪರಮಾಣು ಎಂದು ಜನ ಮೂಗು ಮುರಿಯುತ್ತಾರೆ, ಒಂದು ಸಾಕು, ಕೂತದ್ದು ಸರಿಯಾದ ಜಾಗದಲ್ಲಿದ್ದರೆ ಒಂದು ಸಾಕು ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಅಮ್ಮನ ಮಾತನ್ನು ಇಬ್ಬರೂ ಎತ್ತಲಿಲ್ಲ. ಪದರಮ್ಮ ಮನೆಯಿಂದ ಎರಡನೆಯ ಡಬ್ಬಿ ತರತೊಡಗಿದಳು. ಉಪ್ಪು ನೋಡಿ ಹಾಕತೊಡಗಿದಳು. ಐವತ್ತಾರರ ಹೆಂಗಸು ಬೆಳಿಗ್ಗೆ ಬಸ್ಸಿನಲ್ಲಿ ತನ್ನಷ್ಟಕ್ಕೆ ನಗುತ್ತಿದ್ದರೆ ಪಕ್ಕದವರು ಸ್ವಲ್ಪ ಸರಿದು ಕೂರುವುದು ಸಹಜವೇ.

ಏಳು ವಾರ ಮುಗಿಯಿತು. ಎರಡನೆಯ ಪರಮಾಣು ಬರಲಿಲ್ಲ. ನಿಯಮದಂತೆ ಡಿಟೆಕ್ಟರುಗಳನ್ನು ಅದೇ ದಿನ ತೊಳೆದು, ಪದರವನ್ನೆಲ್ಲ ತೆಗೆದು, ಮುಂದಿನ ಗುಂಪಿಗೆ ಒಪ್ಪಿಸಿದರು. ಪದರಮ್ಮನ ಬಳಿಗೆ ವಾಪಸ್ ಬಂದದ್ದು ಸಾಕ್ಷಿ ಬಿಲ್ಲೆಗಳ ಪೆಟ್ಟಿಗೆ. ಪದರ ಹಾಕುವವರೆಲ್ಲ ಪಾಲಿಸುವ ಒಂದು ಪದ್ಧತಿ ಇದು. ಪ್ರತಿ ಬಿಲ್ಲೆಯ ಪಕ್ಕದಲ್ಲೂ ಅದರದೇ ಒಂದು ಜೋಡಿ ಚೂರನ್ನಿಟ್ಟು, ಎರಡಕ್ಕೂ ಒಟ್ಟಿಗೇ ಪದರ ಹಾಕುತ್ತಾರೆ. ಅಸಲಿ ಬಿಲ್ಲೆಯನ್ನು ಮುಟ್ಟುವಂತಿಲ್ಲವಾದ್ದರಿಂದ ಅಳತೆಯೆಲ್ಲ ಈ ಚೂರಿನ ಮೇಲೆ. ಅದಕ್ಕೆ ಸಾಕ್ಷಿ ಎಂದೇ ಹೆಸರು. ಪ್ರಯೋಗಕ್ಕೆ ಮೊದಲು ದಪ್ಪ ಅಳೆದರೆ ಎಲ್ಲರ ಕೆಲಸ ಮುಗಿಯಿತು. ಪದರಮ್ಮ ಮಾತ್ರ ಸಾಕ್ಷಿಗಳನ್ನು ಅಸಲಿ ಬಿಲ್ಲೆಗಳ ಹಿಂದೆಯೇ, ಅಷ್ಟೇ ಬೆಚ್ಚಗೆ, ಅಷ್ಟೇ ತಣ್ಣಗೆ ಕೂರಿಸಿ, ಪ್ರಯೋಗ ಮುಗಿದ ಮೇಲೂ ಒಂದೊಂದಾಗಿ ಮೈಕ್ರೋಸ್ಕೋಪಿನ ಕೆಳಗೆ ನೋಡುತ್ತಿದ್ದಳು. ನೋಡು ಎಂದು ಯಾರೂ ಹೇಳಿರಲಿಲ್ಲ. ನೋಡಿದ್ದನ್ನು ಬರೆಯಲು ನಮೂನೆಯಲ್ಲಿ ಕಲಂ ಕೂಡ ಇರಲಿಲ್ಲ.

ಒಂದರಿಂದ ನಾಲ್ಕು ಚೆನ್ನಾಗಿದ್ದವು. ಐದನೆಯದರಲ್ಲಿ ಪದರ ಒಡೆದಿತ್ತು. ಆರನೆಯದನ್ನು ಇಟ್ಟು ಕಣ್ಣು ಹಚ್ಚಿದಳು. ಎಣ್ಣೆ ಸವರಿದ ತಟ್ಟೆಯ ಮೇಲೆ ನೀರು ಹನಿಹನಿಯಾಗಿ ಒಡೆದು ಕೂರುವಂತೆ ಪದರ ಒಡೆದು ದ್ವೀಪ ದ್ವೀಪವಾಗಿ ಕೂತಿತ್ತು. ನಡುವೆ ಎಲ್ಲೆಲ್ಲೂ ಚಿನ್ನ. ಒಂಬತ್ತರಿಂದ ಮೂವತ್ತೆರಡರವರೆಗೆ ಒಂದಕ್ಕೂ ಕೂದಲು ಕೊಂಕಿರಲಿಲ್ಲ. ಅವಳು ಮೈಕ್ರೋಸ್ಕೋಪಿನ ದೀಪ ಆರಿಸಿದಳು. ಅಣ್ಣನ ಪರಮಾಣು ಪದರಕ್ಕೆ ಅಂಟಿತೋ, ಬಿರುಕಿನಲ್ಲಿ ಕಂಡ ಚಿನ್ನಕ್ಕೆ ಅಂಟಿತೋ, ಇನ್ನು ದೇವರೇ ಬಂದರೂ ಹೇಳಲಾರ.

ಮೂರು ದಿನ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಜೀವನದಲ್ಲಿ ಮೊದಲ ಸಲ ಒಂದನ್ನು ಮುಚ್ಚಿಟ್ಟುಕೊಂಡು ಓಡಾಡಿದಳು. ಸಾಕ್ಷಿ ಒಡೆದರೆ ಅಸಲಿಯೂ ಒಡೆದಿರಬೇಕೆಂದು ಏನಿದೆ ಎಂದು ವಾದ ಹೂಡಿದಳು. ಸಾಕ್ಷಿಗೆ ಆದದ್ದೇ ಅಸಲಿಗೂ ಆಗಿರುತ್ತದೆ ಎಂದು ಮೂವತ್ತು ವರ್ಷ ಊರಿಗೆಲ್ಲ ಪಾಠ ಹೇಳಿದವಳೂ ಅವಳೇ ಆದ್ದರಿಂದ ವಾದ ನಿಲ್ಲಲಿಲ್ಲ. ಆ ಮೂರು ದಿನವೂ ಅಣ್ಣ ಬಂದ, ಡಬ್ಬಿ ಖಾಲಿ ಮಾಡಿದ, ವರದಿಯ ಮೊದಲ ಪುಟ ಓದಿ ಹೇಳಿದ. ಮೂರನೆಯ ದಿನ ಹೊರಡುವಾಗ ಬಾಗಿಲಲ್ಲಿ ನಿಂತು, ಮಗಳ ಮನೆಯಲ್ಲಿ ಒಂದು ಕೋಣೆ ಜಾಸ್ತಿಯೇ ಇದೆ, ರಜೆಯಲ್ಲಿ ಬಂದು ಹೋಗು ಎಂದ. ಹೇಳಿದವನಿಗೂ ಸಂಕೋಚ, ಕೇಳಿದವಳಿಗೂ ಸಂಕೋಚ. ಅವನ ಹೆಜ್ಜೆ ಸದ್ದು ಮರೆಯಾದ ಮೇಲೆ ಅವಳು ಪಂಪಿಗೆ ಒರಗಿಕೊಂಡು ಅತ್ತಳು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಅಣ್ಣ ಸಿಗುತ್ತಿದ್ದ. ಒಬ್ಬರೂ ಕೇಳುವವರಿರಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು.

ನಾಲ್ಕನೆಯ ದಿನ ಬೆಳಿಗ್ಗೆ ಆರನೆಯ ಸಾಕ್ಷಿಯನ್ನು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟುಕೊಂಡು ಅವಳೇ ಮೇಲೆ ಹತ್ತಿದಳು. ಅಣ್ಣನ ಕೋಣೆಯನ್ನು ಅವಳು ನೋಡಿ ಹನ್ನೊಂದು ವರ್ಷವಾಗಿತ್ತು. ಪುಸ್ತಕಗಳನ್ನು ಅರ್ಧ ಕಟ್ಟಿಟ್ಟಿದ್ದ. ಅವಳನ್ನು ನೋಡಿ ಅವನ ಮುಖ ಅರಳಿತು, ಕುರ್ಚಿಯ ಮೇಲಿನ ಕಾಗದಗಳನ್ನು ಎತ್ತಿ ಜಾಗ ಮಾಡಿದ. ಅವಳು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು.

“ಅಣ್ಣಾ, ಆರನೇದರ ಸಾಕ್ಷಿ ನೋಡಿದೆ. ಪದರ ಒಡೆದಿದೆ. ಕೆಳಗಿನ ಚಿನ್ನ ಕಾಣ್ತಿದೆ.”

ಅವನು ಅರಳಿದ ಮುಖದಲ್ಲೇ ಇದ್ದ.

“ತಪ್ಪು ನಂದು,” ಅಂದಳು. “ಐದರಿಂದ ಎಂಟರವರೆಗೆ ಪುಡೀನ ಒಂದೇ ಸಲ ಶುದ್ಧ ಮಾಡಿದ್ದೆ. ನೀನು ಹೇಳಿದ ದಿನಕ್ಕೆ ಕೊಡ್ಬೇಕು ಅಂತ.”

ಅಣ್ಣ ಕೈಯಲ್ಲಿದ್ದ ಕಾಗದಗಳನ್ನು ಮತ್ತೆ ಕುರ್ಚಿಯ ಮೇಲೇ ಇಟ್ಟ. ಒಂದರ ಮೇಲೊಂದು ಅಂಚು ಕೂಡಿಸಿ ಇಟ್ಟ. ಕಿಟಕಿಯ ಹೊರಗೆ ಯಾರೋ ಸೈಕಲ್ ಬೀಗ ತೆಗೆಯುತ್ತಿದ್ದರು. ಅದನ್ನೇ ನೋಡುತ್ತಾ ನಿಂತ.

“ಬೇರೆ ಯಾರಾದ್ರೂ ಬಂದು ಹೇಳಿದ್ರೆ ಆ ಕ್ಷಣಾನೇ ನಂಬ್ತಿದ್ದೆ,” ಅಂದ. “ನೀನು ಅವತ್ತೂ ಹೀಗೇ ಬಂದು ನಿಂತಿದ್ದೆ. ಅಮ್ಮಂಗೆ ಹೇಳ್ಬಿಟ್ಟೆ ಅಂತ. ಇದೇ ಮುಖ.”

ಅವಳು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಸೇಡು ಅಲ್ಲ ಅಣ್ಣಾ ಎನ್ನಬೇಕೆಂದುಕೊಂಡಿದ್ದಳು, ಮೆಟ್ಟಿಲು ಹತ್ತುವಾಗ ಅದನ್ನು ಅಭ್ಯಾಸ ಕೂಡ ಮಾಡಿದ್ದಳು. ಹೇಳಿದರೆ ಸೇಡು ಎನ್ನುವ ಪದ ಆ ಕೋಣೆಯಲ್ಲಿ ಮೊದಲ ಸಲ ಹುಟ್ಟುವುದು ತನ್ನ ಬಾಯಿಂದಲೇ ಎನಿಸಿ ನುಂಗಿಕೊಂಡಳು. ಎಣಿಕೆಗಾರ್ತಿ ನೋಡಲಿ, ಆಮೇಲೆ ತೀರ್ಮಾನಿಸೋಣ ಎಂದು ಅವನು ಕಿಟಕಿಯ ಕಡೆಗೇ ಹೇಳಿದ. ಅವಳು ಕೆಳಗೆ ಬಂದಳು. ಆ ಮಧ್ಯಾಹ್ನ ಎರಡನೆಯ ಡಬ್ಬಿಯನ್ನು ಮುಚ್ಚಳ ತೆರೆಯದೆ ಮನೆಗೆ ವಾಪಸ್ ಒಯ್ದಳು.

ಎಣಿಕೆಗಾರ್ತಿ ಎರಡು ಮೈಕ್ರೋಸ್ಕೋಪಿನಲ್ಲಿ ನೋಡಿ, ಫೋಟೋ ತೆಗೆದು, ಒಡೆದಿರುವುದು ಸ್ಪಷ್ಟ ಎಂದು ಬರೆದುಕೊಟ್ಟಳು. ಶುಕ್ರವಾರ ಗುಂಪಿನ ಸಭೆಯಲ್ಲಿ ಅಣ್ಣ ಎದ್ದು, ಬೋರ್ಡಿನ ಮೇಲೆ ಮೂರು ನಾಲ್ಕು ವಾರದಿಂದ ಇದ್ದ ಒಂದು ಎಂಬ ಅಂಕಿಯನ್ನು ಅಂಗೈಯಿಂದ ಒರೆಸಿ ಸೊನ್ನೆ ಬರೆದ. ಪದರ ಒಡೆದಿತ್ತು, ಅನುಮಾನವಿದ್ದದ್ದನ್ನು ಎಣಿಸುವಂತಿಲ್ಲ ಎಂದಷ್ಟೇ ಹೇಳಿ ಕೂತ. ಅವನ ಅಂಗೈ ಕಪ್ಪಾಗಿತ್ತು. ಯಾರೂ ಪದರಮ್ಮನನ್ನು ಬೈಯಲಿಲ್ಲ. ಪಾಪ, ಇರಲಿ ಬಿಡಿ, ಯಾರಿಗಾದರೂ ಆಗುತ್ತದೆ ಎಂದು ಒಬ್ಬೊಬ್ಬರೇ ಬಂದು ಹೇಳಿಹೋದರು. ಬೈದಿದ್ದರೆ ಕನಿಷ್ಠ ಜೊತೆಗೆ ಯಾರೋ ಇದ್ದಂತಾಗುತ್ತಿತ್ತು. ಪಾಪ ಎನ್ನುವವರು ಹಾಗೆ ಅಂದು ಹೊರಟೇಬಿಡುತ್ತಾರೆ.

ಅಣ್ಣ ಮತ್ತೆ ಕೆಳಗೆ ಬರಲಿಲ್ಲ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಮೊದಮೊದಲು ಅವಳ ಕಿವಿ ತಾನಾಗಿ ಮೆಟ್ಟಿಲ ಕಡೆ ಹೋಗುತ್ತಿತ್ತು. ಮೇಲಿನ ಗುಂಪಿನವರು ಮುಂದಿನ ಬೀಮಿಗೆ ಅರ್ಜಿ ಹಾಕಿದರು. ಸರದಿ ಬರಲು ನಾಲ್ಕು ವರ್ಷ. ನಿವೃತ್ತಿಯ ದಿನ ಸಭಾಂಗಣದಲ್ಲಿ ಚಹಾ, ಬಿಸ್ಕತ್ತು, ಭಾಷಣ ಇತ್ತು. ಅವಳು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅಣ್ಣ ಯಂತ್ರ ವಿಭಾಗಕ್ಕೆ, ಎಣಿಕೆ ವಿಭಾಗಕ್ಕೆ, ಪದರ ವಿಭಾಗಕ್ಕೆ, ಕಸ ಗುಡಿಸುವವರಿಗೆ ಧನ್ಯವಾದ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವಳೂ ತಟ್ಟಿದಳು. ಅವನ ಸುತ್ತ ಗುಂಪು ಕಟ್ಟಿಕೊಂಡಿದ್ದ ಜನ ಕರಗಲೆಂದು ಕಾದಳು. ಕರಗುವಷ್ಟರಲ್ಲಿ ಅವನೂ ಹೋಗಿಯಾಗಿತ್ತು. ಎರಡು ಸೂಟ್‌ಕೇಸ್ ಹಿಡಿದು ಮರುದಿನ ಬೆಳಿಗ್ಗೆ ಮಗಳ ಊರಿಗೆ ಹೊರಟನೆಂದು ಅವಳಿಗೆ ತಿಳಿದದ್ದು ಕಾವಲುಗಾರನಿಂದ. ಫೋನ್ ನಂಬರ್ ಇತ್ತು. ನಂಬರ್ ಇರುವುದು ಬೇರೆ, ಒತ್ತುವುದು ಬೇರೆ.

ಆರು ವಾರ ಕಳೆದ ಮೇಲೆ ದಾಖಲೆ ಕಚೇರಿಯಿಂದ ಅವಳ ಹೆಸರಿಗೆ ಒಂದು ಲಕೋಟೆ ಬಂತು. ಒಳಗೆ ಅಣ್ಣನ ಕೊನೆಯ ವರದಿ. ಕೊನೆಯ ದಿನ ಬರೆದು ನೇರವಾಗಿ ಕಚೇರಿಗೆ ಕೊಟ್ಟುಹೋಗಿದ್ದನೆಂದು ಕಾಣುತ್ತದೆ, ಅವಳು ನೋಡಿರಲಿಲ್ಲ. ಮೇಲೊಂದು ಚೀಟಿ ಪಿನ್ ಮಾಡಿತ್ತು: ಗುರುತು ಹಾಕಿದಲ್ಲಿ ತಪ್ಪಿದೆ, ಲೇಖಕರು ನಿವೃತ್ತರಾದ್ದರಿಂದ ಪದರ ವಿಭಾಗದವರೇ ತಿದ್ದಿ ಸಹಿ ಮಾಡಿ ಕಳಿಸುವುದು, ವರದಿಯಲ್ಲಿ ಹುದ್ದೆ ನಮೂದಿಸಬೇಕೇ ಹೊರತು ಸಂಬಂಧ ನಮೂದಿಸುವಂತಿಲ್ಲ.

ಅವಳಿಗೆ ಅರ್ಥವಾಗಲಿಲ್ಲ. ಪುಟ ತಿರುಗಿಸಿದಳು. ಎಣಿಕೆಗೆ ಸಿಕ್ಕ ಪರಮಾಣುಗಳು: ಸೊನ್ನೆ. ಅದರ ಕೆಳಗಿನ ಕಲಂ, ದೋಷದ ಕಾರಣ: ‘ಬಿಲ್ಲೆಗಳು ಬೇಗ ಬೇಕೆಂದು ನಾನು ಅವಸರ ಮಾಡಿದ್ದು.’ ಅದರ ಕೆಳಗೆ, ದೋಷ ಪತ್ತೆ ಮಾಡಿದವರು. ಅಲ್ಲಿ ಅಣ್ಣನ ಕೈಬರಹದಲ್ಲಿ ಎರಡೇ ಪದಗಳಿದ್ದವು. ಅವುಗಳ ಸುತ್ತ ಕಚೇರಿಯವರು ಪೆನ್ಸಿಲಿನಿಂದ ಒಂದು ಸುತ್ತು ಎಳೆದಿದ್ದರು.

‘ನನ್ನ ತಂಗಿ.’

ಅವಳು ಓದಿದಳು. ಪಂಪನ್ನು ಆರಿಸಿ ಮತ್ತೆ ಓದಿದಳು. ಕಣ್ಣು ಮಂಜಾಗಿ ಅಕ್ಷರ ಕಾಣದಾದಾಗ ಹಾಳೆ ನೆನೆಯದಿರಲಿ ಎಂದು ದೂರ ಹಿಡಿದಳು. ಮನುಷ್ಯ ಈ ಎರಡು ಮಾತು ಎದುರಿಗೆ ನಿಂತು ಹೇಳಬಾರದಿತ್ತಾ ಎಂದು ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ, ಹೇಳಲು ಅವನಿಗೆ ಗೊತ್ತಿದ್ದ ಜಾಗ ಇದೊಂದೇ ಇರಬೇಕು ಎನಿಸಿತು. ಆ ಕೋಣೆಯಲ್ಲಿ ಅವಳು ಅಷ್ಟು ಒಂಟಿಯಾಗಿ ಹಿಂದೆಂದೂ ಇರಲಿಲ್ಲ. ಈಗ ಅಣ್ಣನಿದ್ದ, ಅವನು ಅಲ್ಲಿರಲಿಲ್ಲ.

ಮಧ್ಯಾಹ್ನ ಅವಳು ಪೆನ್ನು ತೆಗೆದು ತಿದ್ದಲು ಕೂತಳು. ದೋಷದ ಕಾರಣ ಎಂಬಲ್ಲಿ ಅಣ್ಣ ಬರೆದ ಸಾಲಿನ ಮೇಲೆ ಒಂದು ನೇರ ಗೆರೆ ಎಳೆದು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ‘ಪುಡಿಯನ್ನು ಒಂದೇ ಸಲ ಶುದ್ಧ ಮಾಡಿದ್ದು. ಮಾಡಿದವಳು ನಾನು’ ಎಂದು ಬರೆದಳು. ಅವನು ಪ್ರೀತಿಯಿಂದ ಬರೆದ ಸುಳ್ಳಾದರೂ ಸುಳ್ಳು ಸುಳ್ಳೇ. ಪೆನ್ಸಿಲ್ ಸುತ್ತಿನ ಪಕ್ಕ ಬರೆದಳು: ‘ಪರಿಶೀಲಿಸಲಾಗಿದೆ. ಇಲ್ಲಿ ತಪ್ಪಿಲ್ಲ.’ ಕೆಳಗೆ ಸಹಿ ಮಾಡಿದಳು.

ಟಪಾಲಿಗೆ ಹಾಕದೆ ತಾನೇ ಒಯ್ದಳು. ದಾಖಲೆ ಕಚೇರಿಯ ಕೌಂಟರಿನಲ್ಲಿ ಹೊಸದಾಗಿ ಸೇರಿದ ಗುಮಾಸ್ತೆಯಿದ್ದಳು. ಲಕೋಟೆ ಬಿಚ್ಚಿ, ಬೆರಳಿಟ್ಟು ಸಾಲು ಸಾಲಾಗಿ ನೋಡಿ, ಕೇಳದೇ ಇದ್ದ ಕಡೆ ತಿದ್ದಿದ್ದೀರಿ, ಗುರುತು ಹಾಕಿದ ಕಡೆ ಹಾಗೇ ಬಿಟ್ಟಿದ್ದೀರಿ ಎಂದಳು. ಅಲ್ಲಿ ತಪ್ಪಿಲ್ಲ ಎಂದು ಪದರಮ್ಮ ಹೇಳಿದಳು. ಗುಮಾಸ್ತೆ ಹಾಳೆಯನ್ನೊಮ್ಮೆ, ಎದುರಿಗೆ ನಿಂತ ಹೆಂಗಸನ್ನೊಮ್ಮೆ ನೋಡಿದಳು.

“ನೀವು ಭಾರದಣ್ಣೋರಿಗೆ ನಿಜವಾಗ್ಲೂ ತಂಗೀನಾ ಮೇಡಂ?”

ಹನ್ನೊಂದು ವರ್ಷದಲ್ಲಿ ಅವಳನ್ನು ಯಾರೂ ಇದನ್ನು ಕೇಳಿರಲಿಲ್ಲ.

“ಹೌದು,” ಅಂದಳು. “ಅವನು ನನ್ನ ಅಣ್ಣ.”

ಗುಮಾಸ್ತೆ ಸ್ವಲ್ಪ ಯೋಚಿಸಿ, ಮೊಹರು ಎತ್ತಿ ಹಾಳೆಯ ಮೂಲೆಗೆ ಒತ್ತಿದಳು. ಸ್ವೀಕೃತಿ ಚೀಟಿ ಬೇಕಾ ಎಂದು ಕೇಳಿದಳು. ಪದರಮ್ಮ ಬೇಕು ಎಂದಳು.